ಕ್ಲಂಕರ್ ಸೈಕಲ್‌ಗಳ ಜೀರ್ಣೋದ್ಧಾರದಲ್ಲಿ ಬ್ರೇಕಿನ ಆಯ್ಕೆ

ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಕೊಲರಾಡೊ ರಾಜ್ಯಗಳ ಗುಡ್ಡಗಾಡಿನಲ್ಲಿ 1970ರ ದಶಕದ ಯುವಕರು ಹಳೆಯ ದಪ್ಪ ಟಯರಿನ ಕ್ರೂಸರ್ ಸೈಕಲ್‌ಗಳನ್ನು ಮಾರ್ಪಡಿಸಿ ಮಣ್ಣುಹಾದಿಗೆ ಇಳಿಸಿದರು. ಕ್ಲಂಕರ್ ಎಂದು ಹೆಸರಾದ ಈ ಸೈಕಲ್‌ಗಳಿಂದಲೇ ಇಂದಿನ ಮೌಂಟನ್ ಬೈಕ್ ಹುಟ್ಟಿತು. ಇಂಥದ್ದೊಂದನ್ನು ಈಗ ಜೀರ್ಣೋದ್ಧಾರ ಮಾಡಹೊರಟವರಿಗೆ ಎದುರಾಗುವ ದೊಡ್ಡ ಪ್ರಶ್ನೆ ಬ್ರೇಕಿನದು. ಬಣ್ಣವೋ ಸೀಟೋ ತಪ್ಪಿದರೆ ನೋಟ ಕೆಡುತ್ತದೆ, ಅಷ್ಟೆ. ಬ್ರೇಕ್ ತಪ್ಪಿದರೆ ಸವಾರನ ಮೈಮೂಳೆ ಮುರಿಯುತ್ತದೆ. ಮೇಲಾಗಿ ಕ್ಲಂಕರ್‌ನ ಇತಿಹಾಸ ಎದ್ದು ಕಾಣುವುದೂ ಬ್ರೇಕಿನಲ್ಲೇ. ಒಂದೇ ಫ್ರೇಮು 1938ರಲ್ಲಿ ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಬ್ರೇಕೇ ಬೇರೆ, 1976ರಲ್ಲಿ ಗುಡ್ಡದಿಂದ ಇಳಿಯುವಾಗ ಇದ್ದದ್ದೇ ಬೇರೆ. ಇವೆರಡರಲ್ಲಿ ಯಾವುದನ್ನು ಅಸಲು ಎಂದು ಎಣಿಸಬೇಕು ಎಂಬುದನ್ನು ತೀರ್ಮಾನಿಸದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವಂತಿಲ್ಲ.

ಹಿನ್ನೆಲೆ

1895ರಲ್ಲಿ ಶಿಕಾಗೋದಲ್ಲಿ ಆರಂಭವಾದ ಶ್ವಿನ್ ಕಂಪನಿ 1933ರಲ್ಲಿ 26 ಇಂಚು ವ್ಯಾಸದ, 2⅛ ಇಂಚು ಅಗಲದ ಬಲೂನ್ ಟಯರನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಆ ಟಯರಿಗೆ ತಕ್ಕಂತೆ ಕಟ್ಟಿದ ಭಾರಿ ಉಕ್ಕಿನ ಫ್ರೇಮುಗಳೇ ಕ್ರೂಸರ್‌ಗಳು. ಇವು ಮುಖ್ಯವಾಗಿ ಹುಡುಗರ ಸೈಕಲ್‌ಗಳು: ಒಂದೇ ಗೇರು, ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕು. 1930ರ ದಶಕದ ಕೊನೆಗೆ ಕೆಲವು ದುಬಾರಿ ಮಾದರಿಗಳಿಗಷ್ಟೇ ಮುಂದಿನ ಚಕ್ರದಲ್ಲಿ ಡ್ರಮ್ ಬ್ರೇಕ್ ಸಿಗುತ್ತಿತ್ತು.

1970ರ ಹೊತ್ತಿಗೆ ಇವು ಗುಜರಿ ಸಾಮಾನಾಗಿದ್ದವು. ಕ್ಲಂಕರ್ ಸವಾರ ಜೋ ಬ್ರೀಜ್ 1973ರಲ್ಲಿ 1941ರ ಶ್ವಿನ್ ತಯಾರಿಯ ಸೈಕಲೊಂದನ್ನು ಕೊಂಡದ್ದು ಬರೀ 5 ಡಾಲರಿಗೆ. ಸ್ಯಾನ್‌ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯಲ್ಲಿ, ಟಮಾಲ್‌ಪೈಸ್ ಬೆಟ್ಟದ ಇಳಿಜಾರುಗಳಲ್ಲಿ ಇವನ್ನು ಓಡಿಸುವುದು ಗುಂಪೊಂದರ ಗೀಳಾಯಿತು. ಶ್ವಿನ್ನಿನ ಎಕ್ಸೆಲ್ಸಿಯರ್ ಫ್ರೇಮಿಗೆ ಹೆಚ್ಚು ಬೇಡಿಕೆ; ಅದರ ಮುಂಭಾಗದ ಓರೆ ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲನ್ನು ಸ್ಥಿರವಾಗಿಡುತ್ತಿತ್ತು.

1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿಯ ಮಣ್ಣುರಸ್ತೆಯೊಂದರಲ್ಲಿ ಮೊದಲ ರೀಪ್ಯಾಕ್ ಓಟ ನಡೆಯಿತು. ಗೆದ್ದವರು ಅಲನ್ ಬಾಂಡ್ಸ್. ಸಂಘಟಿಸಿದ ಚಾರ್ಲಿ ಕೆಲ್ಲಿ, 4 ನಿಮಿಷ 22 ಸೆಕೆಂಡಿನ ದಾಖಲೆ ಬರೆದ ಗ್ಯಾರಿ ಫಿಶರ್, ಅವರಿಗಿಂತ 2 ಸೆಕೆಂಡ್ ಮಾತ್ರ ಹಿಂದಿದ್ದ ಜೋ ಬ್ರೀಜ್, ಓಟಗಳ ಫೋಟೋ ತೆಗೆದು ತಾವೂ ಓಡಿದ ವೆಂಡಿ ಕ್ರ್ಯಾಗ್ ಇವರೆಲ್ಲ ಮುಂದೆ ಸೈಕಲ್ ಚರಿತ್ರೆಯಲ್ಲಿ ನೆಲೆ ನಿಂತರು. ಸುಮಾರು 2 ಮೈಲಿಯ ಆ ಹಾದಿ 1,300 ಅಡಿ ಕೆಳಗಿಳಿಯುತ್ತದೆ. ಕೆಳಗೆ ಮುಟ್ಟುವಷ್ಟರಲ್ಲಿ, ಹಿಂದಿನ ಚಕ್ರದ ನಡುವೆ ಬ್ರೇಕನ್ನು ಅಡಗಿಸಿಕೊಂಡ ಹಬ್‌ನೊಳಗಿನ ಗ್ರೀಸು ಹೊಗೆಯಾಗಿ ಹೋಗಿರುತ್ತಿತ್ತು, ಹಬ್ ಬಿಚ್ಚಿ ಹೊಸ ಗ್ರೀಸು ತುಂಬದೆ ಮತ್ತೆ ಓಡಿಸುವಂತಿರಲಿಲ್ಲ. ರೀಪ್ಯಾಕ್ ಎಂಬ ಹೆಸರು ಬಂದದ್ದು ಈ ಕೆಲಸದಿಂದ.

ಗ್ರೀಸು ಹೊಗೆಯಾದದ್ದು ಉತ್ಪ್ರೇಕ್ಷೆಯಲ್ಲ. ಸವಾರ, ಸೈಕಲ್ ಸೇರಿ 90 ಕಿಲೋ ಎಂದಿಟ್ಟುಕೊಂಡರೆ 1,300 ಅಡಿ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 3.5 ಲಕ್ಷ ಜೌಲ್. ಗಾಳಿ, ಟಯರು, ನೆಲ ಸೇರಿ ಅರ್ಧವನ್ನು ನುಂಗಿದವೆನ್ನೋಣ. ಉಳಿದರ್ಧ 1 ಕಿಲೋ ತೂಗುವ ಉಕ್ಕಿನ ಹಬ್‌ನಲ್ಲೇ ನಿಂತರೆ ಅದರ ತಾಪ 350 ಡಿಗ್ರಿಯಷ್ಟು ಏರಬೇಕು. ಗಾಳಿ ತಾಗಿ ಒಂದಿಷ್ಟು ತಣಿಯುತ್ತದೆ ನಿಜ, ಆದರೂ ಸಾಮಾನ್ಯ ಗ್ರೀಸು 200 ಡಿಗ್ರಿಯ ಆಚೀಚೆ ಕರಗಿ ಸೋರಿಬಿಡುತ್ತದೆ. ಬ್ರೇಕ್ ಆಯ್ಕೆಯ ಚರ್ಚೆಯೆಲ್ಲ ಕೊನೆಗೆ ಈ ಶಾಖ ಎಲ್ಲಿಗೆ ಹೋಗಬೇಕು ಎಂಬುದಕ್ಕೇ ಬಂದು ನಿಲ್ಲುತ್ತದೆ.

ಕೋಸ್ಟರ್ ಬ್ರೇಕ್

ಕೈಯಿಂದ ಲಿವರ್ ಒತ್ತುವ ರಾಡ್ ಬ್ರೇಕಿನ ರೋಡ್‌ಸ್ಟರ್‌ಗಳನ್ನೇ ನೋಡಿ ಬೆಳೆದ ನಮ್ಮಲ್ಲಿ ಹೆಚ್ಚಿನವರಿಗೆ ಕೋಸ್ಟರ್ ಬ್ರೇಕ್ ಅಪರಿಚಿತ. ಇದಕ್ಕೆ ಲಿವರೂ ಇಲ್ಲ, ಕೇಬಲೂ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುತ್ತದೆ. ಚೈನು ತಿರುಗಿಸುವ ಡ್ರೈವರ್‌ನ ಮೇಲೆ ಒರಟು ಥ್ರೆಡ್ ಇರುತ್ತದೆ, ಆ ಥ್ರೆಡ್ಡಿನಲ್ಲಿ ಕ್ಲಚ್ ಕೋನೊಂದು ಅತ್ತಿತ್ತ ಸರಿಯುತ್ತದೆ. ಮುಂದಕ್ಕೆ ತುಳಿದಾಗ ಕೋನು ಹಬ್‌ನ ಹೊರಕವಚವನ್ನು ಹಿಡಿದು ಚಕ್ರ ತಿರುಗಿಸುತ್ತದೆ. ಹಿಂದಕ್ಕೆ ತುಳಿದಾಗ ಇನ್ನೊಂದು ಬದಿಗೆ ಸರಿದು ಬ್ರೇಕಿನ ಭಾಗಗಳನ್ನು ಒತ್ತುತ್ತದೆ. ಆಗ ಇಡೀ ಜೋಡಣೆ ಚಕ್ರದ ಜೊತೆ ತಿರುಗಿಹೋಗದಂತೆ ತಡೆಯುವುದು ಎಡಬದಿಯ ತೋಳು. ಅದನ್ನು ಫ್ರೇಮಿನ ಕೆಳದಂಡಿಗೆ ಪಟ್ಟಿ ಹಾಕಿ ಬಿಗಿದಿರುತ್ತಾರೆ.

ಒತ್ತುವ ಭಾಗ ಯಾವುದು ಎಂಬುದರಲ್ಲಿ ಒಂದೊಂದು ತಯಾರಿಕೆಗೂ ಒಂದೊಂದು ದಾರಿ. ನ್ಯೂಯಾರ್ಕ್ ರಾಜ್ಯದ ಎಲ್‌ಮೈರಾದ ಎಕ್ಲಿಪ್ಸ್ ಕಂಪನಿಯ ಮಾರೋ ಹಬ್‌ನಲ್ಲಿ ಸೀಳುಗಳಿರುವ ಕೊಳವೆಯಂಥ ಭಾಗ ಹಿಗ್ಗಿ ಹೊರಕವಚದ ಒಳಗೋಡೆಗೆ ಉಜ್ಜುತ್ತದೆ. ಕನೆಕ್ಟಿಕಟ್‌ನ ಬ್ರಿಸ್ಟಲ್‌ನಲ್ಲಿ ತಯಾರಾಗುತ್ತಿದ್ದ ನ್ಯೂ ಡಿಪಾರ್ಚರ್ ಮಾಡೆಲ್ ಡಿ ಹಬ್‌ನಲ್ಲಿ ತೆಳು ಬಿಲ್ಲೆಗಳ ಅಡುಕು ಇರುತ್ತದೆ. ಒಂದು ಬಿಟ್ಟು ಒಂದು ಬಿಲ್ಲೆ ಹಬ್ ಜೊತೆ ತಿರುಗುತ್ತದೆ, ನಡುವಿನವು ಕದಲುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಅದುಮಿದಾಗ ಚಕ್ರ ನಿಲ್ಲುತ್ತದೆ. ಮಾರೋ ತರುವಾಯ ಬಂದ ಬೆಂಡಿಕ್ಸ್ ಬಳಸಿದ್ದು ಬಿಡಿ ಶೂಗಳನ್ನು. ಪೆಡಲ್ ಹಿಂದಕ್ಕೆ ತಟ್ಟಿದರೆ ಗೇರು ಬದಲಾಗುವ ಬಣ್ಣದ ಪಟ್ಟಿಯ ಬೆಂಡಿಕ್ಸ್ ಹಬ್‌ಗಳು ನೋಡಲು ಚೆಂದ, ಓಡಿಸಲೂ ಚೆಂದ. ಆದರೆ ಅವು 1960ರ ದಶಕದವು, 1938ರ ಸೈಕಲಿಗೆ ಹಾಕಿ ಅಸಲು ಎನ್ನಲಾಗದು.

ಕ್ಲಂಕರ್ ಸವಾರರಲ್ಲಿ ಮಾರೋಗೆ ಎಷ್ಟು ಮರ್ಯಾದೆ ಇತ್ತೆಂದರೆ ಕ್ಯಾಲಿಫೋರ್ನಿಯಾದ ಕೂಪರ್ಟಿನೋದ ಗುಂಪೊಂದು ತನ್ನನ್ನು ಮಾರೋ ಡರ್ಟ್ ಕ್ಲಬ್ ಎಂದೇ ಕರೆದುಕೊಂಡಿತ್ತು. ಜೀರ್ಣೋದ್ಧಾರ ಮಾಡುವವರಿಗೆ ಮಾರೋದಿಂದ ಇನ್ನೊಂದು ಉಪಕಾರವಿದೆ. ಹೊರಕವಚದ ಮೇಲೆ ಒಂದು ಅಕ್ಷರ, ಒಂದು ಅಂಕೆ ಒತ್ತಿರುತ್ತಾರೆ. ಅಕ್ಷರ ತಯಾರಾದ ವರ್ಷವನ್ನೂ ಅಂಕೆ ಅದರ ತ್ರೈಮಾಸಿಕವನ್ನೂ ಸೂಚಿಸುತ್ತದೆ. ಫ್ರೇಮಿನ ಕಾಲಕ್ಕೆ ಹಬ್ ಹೊಂದುತ್ತದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಅಪರೂಪ.

ಹಳೆಯ ಕೋಸ್ಟರ್ ಹಬ್ಬನ್ನು ಉಳಿಸಿಕೊಳ್ಳಬೇಕೆ ಎಂಬುದನ್ನು ಹೊರಗಿನ ಹೊಳಪು ನೋಡಿ ನಿರ್ಧರಿಸಬಾರದು. ಪೂರ್ತಿ ಬಿಚ್ಚಿ, ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಕರಿ ಗ್ರೀಸೆಲ್ಲ ಬಿಟ್ಟ ಮೇಲೆ ಬಿಸಿಲಿನಲ್ಲಿಟ್ಟು ನೋಡಬೇಕು. ಕೋನಿನ ಮೇಲೆ ಬೇರಿಂಗ್ ಗುಂಡುಗಳು ಓಡುವ ದಾರಿ ಬೂದು ಬಣ್ಣದ ನಯವಾದ ಗೆರೆಯಾಗಿದ್ದರೆ ಸರಿ. ಉಗುರು ಎಳೆದಾಗ ಎಡವುವಂಥ ಗುಳಿಗಳಿದ್ದರೆ ಆ ಕೋನು ಮುಗಿದಂತೆ. ಬ್ರೇಕ್ ಉಜ್ಜುವ ಜಾಗದ ಉಕ್ಕಿಗೆ ಬಣ್ಣ ತಿರುಗಿದೆಯೇ ಎಂದೂ ಗಮನಿಸಬೇಕು. ಒಣಹುಲ್ಲಿನ ಹಳದಿ ಇದ್ದರೆ ಆ ಲೋಹ ಒಮ್ಮೆ 220 ಡಿಗ್ರಿಯ ಆಸುಪಾಸಿಗೆ ಹೋಗಿದೆ, ನೀಲಿ ಇದ್ದರೆ 300ರ ಹತ್ತಿರಕ್ಕೆ. ಗಟ್ಟಿ ಮಾಡಿದ ಉಕ್ಕು ಅಷ್ಟು ಬಿಸಿಯಲ್ಲಿ ತನ್ನ ಗಡಸುತನ ಬಿಟ್ಟುಕೊಡುತ್ತದೆ. ನೀಲಿಗೆ ತಿರುಗಿದ ಭಾಗವನ್ನು ಗಾಜಿನ ಕಪಾಟಿನಲ್ಲಿಡಬಹುದು, ಗುಡ್ಡಕ್ಕೆ ಕೊಂಡೊಯ್ಯಬಾರದು.

ಒಳಭಾಗ ಚೆನ್ನಾಗಿದ್ದರೂ ಕೋಸ್ಟರ್ ಬ್ರೇಕಿಗೆ ನಿವಾರಿಸಲಾಗದ ಮಿತಿಗಳಿವೆ. ಚೈನು ಕಳಚಿದರೆ ಅಥವಾ ತುಂಡಾದರೆ ಬ್ರೇಕ್ ಪೂರ್ತಿ ಇಲ್ಲವಾಗುತ್ತದೆ. ಡಿರೇಲಿಯರ್ ಗೇರಿನ ಸಡಿಲ ಚೈನಿನ ಜೊತೆ ಇದನ್ನು ಬಳಸಲಾಗುವುದೇ ಇಲ್ಲ. ಇನ್ನು ಬ್ರೇಕ್ ಹಿಡಿದಾಗ ತೂಕ ಮುಂದಿನ ಚಕ್ರಕ್ಕೆ ಜಗ್ಗಿ ಹಿಂದಿನ ಚಕ್ರ ಹಗುರಾಗುವುದರಿಂದ ಅದು ಬೇಗ ಜಾರುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗದ ಸೈಕಲ್ ನಿಯಮಗಳಲ್ಲೇ ಈ ವ್ಯತ್ಯಾಸ ಕಾಣುತ್ತದೆ. ಕೈಬ್ರೇಕಿನ ಸೈಕಲ್ ಗಂಟೆಗೆ 24 ಕಿ.ಮೀ. ವೇಗದಿಂದ 4.57 ಮೀಟರಿನೊಳಗೆ ನಿಲ್ಲಬೇಕು. ಕಾಲ್ಬ್ರೇಕಿನದು ಅಷ್ಟೇ ದೂರದಲ್ಲಿ ನಿಂತರೆ ಸಾಕು, ಆದರೆ ಗಂಟೆಗೆ 16 ಕಿ.ಮೀ. ವೇಗದಿಂದ. ಚಲನಶಕ್ತಿಯ ಲೆಕ್ಕದಲ್ಲಿ ಮೊದಲನೆಯದು ಎರಡನೆಯದರ 2.25 ಪಟ್ಟು. ರೀಪ್ಯಾಕ್‌ನ ಸವಾರರು ಈ ದೌರ್ಬಲ್ಯವನ್ನೇ ಕಲೆಯಾಗಿಸಿಕೊಂಡು, ತಿರುವಿಗೆ ಮುಂಚೆಯೇ ಹಿಂದಿನ ಚಕ್ರ ಕಟ್ಟಿ ಸೈಕಲನ್ನು ಅಡ್ಡಡ್ಡ ಜಾರಿಸಿಕೊಂಡು ಒಳಗೆ ನುಗ್ಗುತ್ತಿದ್ದರು. ನೋಡುವವರ ಎದೆ ಝಲ್ಲೆನಿಸುವ ಕೌಶಲ ಅದು. ಆದರೆ ಜನರೂ ನಾಯಿಗಳೂ ಓಡಾಡುವ ಇಂದಿನ ಹಾದಿಗಳಲ್ಲಿ, ಅದೂ ನೆಲ ಕೊಚ್ಚಿಹೋಗುತ್ತದೆಂದು ಜಾರಿಸುವುದನ್ನೇ ಒಪ್ಪದ ಕಡೆಗಳಲ್ಲಿ, ಅದನ್ನು ನೆಚ್ಚಿಕೊಂಡು ಬ್ರೇಕ್ ಆರಿಸುವಂತಿಲ್ಲ.

ಡ್ರಮ್ ಬ್ರೇಕ್

1974ರ ಡಿಸೆಂಬರ್ 1ರಂದು ಮಿಲ್ ವ್ಯಾಲಿಯಲ್ಲಿ ನಡೆದ ಸೈಕ್ಲೋಕ್ರಾಸ್ ಓಟಕ್ಕೆ ಮಾರೋ ಡರ್ಟ್ ಕ್ಲಬ್ಬಿನ ರಸ್ ಮಹೋನ್ ಮತ್ತು ಗೆಳೆಯರು ಬಂದಾಗ ಮರಿನ್‌ನವರು ಬೆರಗಾಗಿ ನಿಂತರಂತೆ. ಅವರ ದಪ್ಪ ಟಯರಿನ ಸೈಕಲ್‌ಗಳಲ್ಲಿ ಡಿರೇಲಿಯರ್ ಗೇರುಗಳಿದ್ದವು, ಡ್ರಮ್ ಬ್ರೇಕುಗಳಿದ್ದವು. ಕೆಲ ಕಾಲದಲ್ಲೇ ಗ್ಯಾರಿ ಫಿಶರ್ ತಮ್ಮ ಎಕ್ಸೆಲ್ಸಿಯರ್‌ಗೂ ಡಿರೇಲಿಯರ್, ಇಬ್ಬರು ತುಳಿಯುವ ಟ್ಯಾಂಡಮ್ ಸೈಕಲಿನ ಡ್ರಮ್ ಬ್ರೇಕ್, ಮೋಟಾರ್‌ಸೈಕಲಿನ ಲಿವರುಗಳನ್ನು ಹಾಕಿದರು. ಕ್ಲಂಕರ್ ಎಂದಾಗ ಬಲ್ಲವರ ಕಣ್ಣಿಗೆ ಕಟ್ಟುವ ರೂಪ ಇದೇ. ಆದ್ದರಿಂದ 1970ರ ದಶಕದ ಕ್ಲಂಕರ್ ಒಂದನ್ನು ಪಡೆದವರು ಅದರ ಡ್ರಮ್ ಬ್ರೇಕ್ ಕಿತ್ತು ಕಾರ್ಖಾನೆಯ ಸ್ಥಿತಿಗೆ ತಂದರೆ ಅದು ಜೀರ್ಣೋದ್ಧಾರವಲ್ಲ, ಚರಿತ್ರೆಯನ್ನು ಅಳಿಸಿಹಾಕುವ ಕೆಲಸ. ಶ್ವಿನ್ ಕಾರ್ಖಾನೆಯಲ್ಲಿ ಕಟ್ಟಿದ ಸೈಕಲ್‌ಗಳು ಲೆಕ್ಕವಿಲ್ಲದಷ್ಟಿವೆ. ಮಾರ್ಪಾಟಾಗಿ ರೀಪ್ಯಾಕ್ ಇಳಿದವು ಬೆರಳೆಣಿಕೆಯಷ್ಟು.

ಕೋಸ್ಟರ್ ಹಬ್‌ಗೆ ಮಾಡಿದ ಫ್ರೇಮಿನ ಹಿಂಭಾಗದ ಅಗಲ ಸುಮಾರು 110 ಮಿ.ಮೀ. 5 ಗೇರಿನ ಹಬ್ ಕೂರಬೇಕಾದರೆ 120 ಮಿ.ಮೀ. ಬೇಕು. ಹಿಂದಿನ ದಂಡಿಗಳನ್ನು ಹೊರಕ್ಕೆ ಅಗಲಿಸಿದ ಗುರುತು, ಕೆಳದಂಡಿಯ ಬಣ್ಣದಡಿ ಪಟ್ಟಿ ಬಿಗಿದ ಉಜ್ಜುಗುರುತು, ಫೋರ್ಕಿನ ಎಡಗಾಲಿನ ಮೇಲೆ ಹಳೆಯ ತೋಳಿನ ಗಾಯ ಕಂಡರೆ ಅದು ನಿಜವಾದ ಕ್ಲಂಕರ್ ಇರಬಹುದು ಎಂದು ತಡೆದು ನೋಡಬೇಕು. ಹೊಸ ಬಣ್ಣ ಬಳಿಯುವ ಮುನ್ನ ಈ ಗುರುತುಗಳ ಫೋಟೋ ತೆಗೆದಿಡುವುದು ಅತ್ಯಗತ್ಯ.

ಡ್ರಮ್ ಬ್ರೇಕಿನಲ್ಲಿ ಎರಡು ಶೂಗಳು ಒಳಗಿನಿಂದ ಹೊರಕ್ಕೆ ಹರಡಿ ಡ್ರಮ್ಮಿಗೆ ಒತ್ತುತ್ತವೆ. ಅವುಗಳಲ್ಲಿ ಮುಂದಾಳು ಶೂ ಡ್ರಮ್ಮಿನ ತಿರುಗಾಟದಿಂದಲೇ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಹಿಂಬಾಲಕ ಶೂಗೆ ಆ ನೆರವಿಲ್ಲ. ಮಳೆ, ಕೆಸರು ತಾಗದಿರುವುದು, ರಿಮ್ಮು ಸೊಟ್ಟಗಾದರೂ ಕೆಲಸ ಮಾಡುವುದು ಇದರ ದೊಡ್ಡ ಗುಣ. ಶಾಖ ಒಳಗೇ ಕೂಡಿಕೊಂಡು ಉದ್ದದ ಇಳಿಜಾರಿನಲ್ಲಿ ಹಿಡಿತ ಸಡಿಲವಾಗುವುದು ದೋಷ. ಬೇರಿಂಗಿನ ಗ್ರೀಸು ಜಿನುಗಿ ಲೈನಿಂಗಿಗೆ ತಾಗಿದರಂತೂ ಲಿವರ್ ಎಷ್ಟು ಒತ್ತಿದರೂ ವ್ಯರ್ಥ; ಡ್ರಮ್ ಹಬ್‌ಗೆ ಗ್ರೀಸನ್ನು ಅಳತೆಯಲ್ಲೇ ತುಂಬಬೇಕು.

ಮುಂದಿನ ಡ್ರಮ್ ಆರಿಸುವಾಗ ಜನ ಮರೆಯುವುದು ಫೋರ್ಕನ್ನು. ಒಂದು ಲೆಕ್ಕ ನೋಡೋಣ. ಸವಾರ, ಸೈಕಲ್ ಸೇರಿದ 90 ಕಿಲೋ ತೂಕವನ್ನು ಗುರುತ್ವದ ಅರ್ಧದಷ್ಟು ದರದಲ್ಲಿ ಮುಂದಿನ ಚಕ್ರವೊಂದೇ ನಿಧಾನಿಸುತ್ತದೆ ಎಂದರೆ ನೆಲದ ಬಳಿ ಬಲ ಸುಮಾರು 450 ನ್ಯೂಟನ್. ಚಕ್ರದ ತ್ರಿಜ್ಯ 33 ಸೆಂ.ಮೀ., ಬ್ರೇಕಿನ ತೋಳು 15 ಸೆಂ.ಮೀ. ಉದ್ದ ಇದ್ದರೆ, ಫೋರ್ಕಿನ ಒಂದೇ ಕಾಲಿನ ಮೇಲೆ ಪಟ್ಟಿಯ ಜಾಗದಲ್ಲಿ 1,000 ನ್ಯೂಟನ್ ಬೀಳುತ್ತದೆ, ಅಂದರೆ 100 ಕಿಲೋ ಭಾರ. ಅದೂ ಪ್ರತಿ ಸಲ ಲಿವರ್ ಒತ್ತಿದಾಗ. ಮುಂದಿನ ಬ್ರೇಕೇ ಇಲ್ಲವೆಂದು ಎಣಿಸಿ ಮಾಡಿದ 80 ವರ್ಷ ಹಳೆಯ ತೆಳು ಫೋರ್ಕಿಗೆ, ಒಳಗೆ ತುಕ್ಕು ಹಿಡಿದಿರುವ ಸಾಧ್ಯತೆಯೂ ಇರುವಾಗ, ದೊಡ್ಡ ಡ್ರಮ್ ಹಾಕುವುದು ಅಪಾಯ. ಅಸಲು ಫೋರ್ಕನ್ನು ಬಿಚ್ಚಿ ಜೋಪಾನವಾಗಿಟ್ಟು, ಡ್ರಮ್ ತಾಳುವ ಗಟ್ಟಿ ಫೋರ್ಕನ್ನು ಓಡಾಟಕ್ಕೆ ಬಳಸುವುದು ಉತ್ತಮ.

ಹಳೆಯ ಲೈನಿಂಗುಗಳ ಬಗ್ಗೆ ಒಂದು ಎಚ್ಚರಿಕೆ. ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಡ್ರಮ್ ಬಿಚ್ಚಿ ಬಾಯಿಂದಲೋ ಪಂಪಿನಿಂದಲೋ ದೂಳು ಊದಬಾರದು, ಒಣಗಿದ್ದಾಗ ಉಪ್ಪುಕಾಗದದಿಂದ ಉಜ್ಜಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಹೊಸ ಲೈನಿಂಗ್ ಅಂಟಿಸಿಕೊಡುವ ಬ್ರೇಕ್ ಕೆಲಸದವರು ಊರೂರಿಗೆ ಇದ್ದಾರೆ, ಶೂಗಳನ್ನು ಅವರ ಕೈಗೆ ಕೊಡುವುದು ಒಳ್ಳೆಯದು.

ರಿಮ್ ಬ್ರೇಕ್

ಜೋ ಬ್ರೀಜ್ 1977ರಲ್ಲಿ ಹೊಸ ಕೊಳವೆಗಳಿಂದ ತಾವೇ ಕಟ್ಟಿದ ಬ್ರೀಜರ್ ಸೈಕಲಿಗೆ ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಕ್ಯಾಂಟಿಲಿವರ್ ಬ್ರೇಕ್ ಹಾಕಿದರು. ಸ್ಪೆಷಲೈಸ್ಡ್ ಕಂಪನಿಯ 1981ರ ಸ್ಟಂಪ್‌ಜಂಪರ್ ಸೈಕಲಿನಲ್ಲೂ ಫ್ರಾನ್ಸಿನ ಮಾಫಾಕ್ ಕ್ಯಾಂಟಿಲಿವರ್‌ಗಳಿದ್ದವು. ಆದ್ದರಿಂದ ರಿಮ್ ಬ್ರೇಕ್ ಕ್ಲಂಕರ್ ಯುಗದ ತುದಿಯನ್ನು ಸೂಚಿಸುತ್ತದೆ, ನಡುಗಾಲವನ್ನಲ್ಲ.

ಕ್ಯಾಂಟಿಲಿವರ್ ಕೂರಲು ಫೋರ್ಕಿಗೂ ಹಿಂದಿನ ಮೇಲ್ದಂಡಿಗಳಿಗೂ ಗೂಟಗಳನ್ನು ಬೆಸೆಯಬೇಕು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಫ್ರೇಮಿಗೆ ಇಂದು ಹೀಗೆ ಬೆಸುಗೆ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು; ಬೆಸೆದದ್ದನ್ನು ಮತ್ತೆ ಬಿಡಿಸಲಾಗುವುದಿಲ್ಲ, ಬಣ್ಣವೂ ಸುಟ್ಟುಹೋಗುತ್ತದೆ. ಆದರೆ 1970ರ ದಶಕದಲ್ಲೇ ಯಾರೋ ಬೆಸೆದಿದ್ದರೆ ಅದನ್ನು ಹಾಗೆಯೇ ಉಳಿಸಬೇಕು. ಬೆಸುಗೆಯಿಲ್ಲದೆ ನಡುವಿನ ಬೋಲ್ಟಿನಿಂದ ಕೂರುವ ಬ್ರೇಕುಗಳ ತೋಳುಗಳು ದಪ್ಪ ಟಯರನ್ನು ಬಳಸಿ ರಿಮ್ಮಿಗೆ ಮುಟ್ಟಬೇಕಾದ್ದರಿಂದ ತೀರ ಉದ್ದವಾಗಿರಬೇಕಾಗುತ್ತದೆ, ಉದ್ದ ತೋಳು ಒತ್ತಿದಾಗ ಬಾಗಿ ಬಲವನ್ನು ತಿಂದುಹಾಕುತ್ತದೆ. ರೋಡ್‌ಸ್ಟರ್‌ಗಳ ರಾಡ್ ಬ್ರೇಕ್ ಇಲ್ಲಿ ಕೂರದು. ಅದು ಒತ್ತುವುದು ರಿಮ್ಮಿನ ಒಳಮುಖಕ್ಕೆ, ಕ್ರೂಸರ್ ರಿಮ್ಮಿಗೆ ಆ ಆಕಾರವೇ ಇಲ್ಲ.

ರಿಮ್ಮು ಯಾವ ಲೋಹದ್ದೆಂಬುದೂ ಮುಖ್ಯ. ಕ್ರೋಮ್ ಲೇಪದ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರ್ ಶೂ ಜಾರುತ್ತದೆ, ಅಲ್ಯುಮಿನಿಯಂ ರಿಮ್ಮಿನಲ್ಲಿ ಆ ತೊಂದರೆ ಬಹಳ ಕಡಿಮೆ. ಕೊಳ್ಳುವಾಗ ಅಳತೆ ನೋಡಬೇಕು. 26 ಇಂಚು ಎಂದು ಬರೆದಿದ್ದರೂ ಬಲೂನ್ ಟಯರಿನ ರಿಮ್ಮು 559 ಮಿ.ಮೀ. ವ್ಯಾಸದ್ದು, ಶ್ವಿನ್ನಿನ 1¾ ಇಂಚಿನ ಟಯರಿನದು 571 ಮಿ.ಮೀ. ಈ 12 ಮಿ.ಮೀ. ತಪ್ಪಿದರೆ ಟಯರೂ ಕೂರದು, ಶೂ ರಿಮ್ಮಿಗೆ ತಾಗುವ ಜಾಗವೂ ತಪ್ಪುತ್ತದೆ.

ಲಿವರ್ ವಿಷಯ ಚಿಕ್ಕದು, ಆದರೂ ಹಲವರು ಎಡವುವುದು ಇಲ್ಲೇ. ಡ್ರಮ್, ಕ್ಯಾಂಟಿಲಿವರ್ ಎರಡಕ್ಕೂ ಕೇಬಲ್ಲನ್ನು ಸ್ವಲ್ಪವೇ ದೂರ, ಹೆಚ್ಚು ಬಲದಿಂದ ಎಳೆಯುವ ಲಿವರ್ ಬೇಕು. 1990ರ ದಶಕದ ನಡುವೆ ಬಂದ ವಿ-ಬ್ರೇಕಿನ ಲಿವರ್ ಕೇಬಲ್ಲನ್ನು ಹೆಚ್ಚು ದೂರ ಎಳೆಯುತ್ತದೆ. ಅದನ್ನು ಡ್ರಮ್ಮಿಗೆ ಸೇರಿಸಿದರೆ ಕೈಗೆ ಕಲ್ಲಿನಂತೆ ಗಟ್ಟಿಯಾಗಿ ಸಿಗುತ್ತದೆ, ಚಕ್ರ ಮಾತ್ರ ನಿಲ್ಲುವುದಿಲ್ಲ.

ಮೂರು ದಾರಿ

ಸೈಕಲಿನ ಬಾಳಿನ ಯಾವ ಘಟ್ಟವನ್ನು ಉಳಿಸುತ್ತೇವೆ ಎಂಬುದು ಮೊದಲು ನಿಶ್ಚಯವಾದರೆ ಬ್ರೇಕ್ ತಾನೇ ನಿಶ್ಚಯವಾಗುತ್ತದೆ. ಯಾರೂ ಮಾರ್ಪಡಿಸದ ಯುದ್ಧಪೂರ್ವದ ಕ್ರೂಸರ್ ಸಿಕ್ಕಿದರೆ ಆ ವರ್ಷದ ಕೋಸ್ಟರ್ ಹಬ್ ಇರಲಿ, ಓಟ ಸಮತಟ್ಟು ರಸ್ತೆಗೆ ಸೀಮಿತವಾಗಲಿ. 1970ರ ದಶಕದ ಕ್ಲಂಕರ್ ಆಗಿದ್ದರೆ ಅದರ ಡ್ರಮ್ಮು, ಮೋಟಾರ್‌ಸೈಕಲ್ ಲಿವರು, ದಪ್ಪ ಕೇಬಲು ಎಲ್ಲ ಇದ್ದಹಾಗೆಯೇ ಉಳಿಯಬೇಕು. ಫೇರ್‌ಫ್ಯಾಕ್ಸ್‌ನಲ್ಲಿ 2015ರಲ್ಲಿ ತೆರೆದ ಮರಿನ್ ಸೈಕಲ್ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಸೈಕಲ್‌ಗಳಿವೆ. ಯಾವ ಭಾಗ ಯಾವುದರ ಜೊತೆ ಬರುತ್ತಿತ್ತು ಎಂದು ತಿಳಿಯಲು ಅವೇ ಒಳ್ಳೆಯ ಮಾದರಿ.

ಮೂರನೆಯದು, ಗುಡ್ಡಕ್ಕೆ ಕೊಂಡೊಯ್ದು ನಿಜಕ್ಕೂ ಓಡಿಸುವ ಸೈಕಲ್. ಇದಕ್ಕೆ ಫ್ರೇಮಿಗೆ ಕೈ ಹಚ್ಚದೆ ಇನ್ನೊಂದು ಜೊತೆ ಚಕ್ರ ಕಟ್ಟಿಸುವುದು ಎಲ್ಲಕ್ಕಿಂತ ಒಳ್ಳೆಯದು. 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ 2000ದಲ್ಲಿ ತೈವಾನಿನ ಸನ್‌ರೇಸ್ ಪಾಲಾದ ಸ್ಟರ್ಮಿ-ಆರ್ಚರ್ ಈಗಲೂ 70 ಮತ್ತು 90 ಮಿ.ಮೀ. ಡ್ರಮ್ ಹಬ್‌ಗಳನ್ನು ಮಾಡುತ್ತದೆ. ಗುಡ್ಡಕ್ಕೆ 90 ಮಿ.ಮೀ. ಮಾದರಿಯೇ ಬೇಕು, ದೊಡ್ಡ ಡ್ರಮ್ಮು ಹೆಚ್ಚು ಶಾಖ ತಾಳುತ್ತದೆ. ಗೇರು ಬೇಡದವರು ಹಿಂದೆ ಕೋಸ್ಟರ್ ಉಳಿಸಿಕೊಂಡು ಮುಂದೆ ಡ್ರಮ್ ಹಾಕಬಹುದು. ಚೈನು ಕಳಚಿದರೂ ಆಗ ಒಂದು ಬ್ರೇಕ್ ಕೈಯಲ್ಲಿರುತ್ತದೆ. ಬಿಚ್ಚಿಟ್ಟ ಅಸಲು ಚಕ್ರಗಳಿಗೆ ಫ್ರೇಮಿನ ಸಂಖ್ಯೆ ಬರೆದ ಚೀಟಿ ಕಟ್ಟಿಡಬೇಕು. ಸೈಕಲ್ ಮಾರಿದಾಗ ಅವೂ ಜೊತೆಗೇ ಹೋಗಬೇಕು.

ಯಾವುದೇ ಡ್ರಮ್ ಕೂರಿಸಿದ ಮೇಲೆ ಆಕ್ಸಲ್ ನಟ್ಟು ಸ್ವಲ್ಪ ಸಡಿಲಿಸಿ, ಚಕ್ರ ತಿರುಗಿಸಿ, ಲಿವರ್ ಒತ್ತಿ ಹಿಡಿದುಕೊಂಡೇ ನಟ್ಟು ಬಿಗಿಯಬೇಕು. ಶೂಗಳು ಡ್ರಮ್ಮಿನ ನಡುವಿಗೆ ತಾವಾಗಿ ಬಂದು ಕೂರುತ್ತವೆ. ಹೊಸ ಲೈನಿಂಗ್ ಡ್ರಮ್ಮಿನ ದುಂಡಿಗೆ ಹೊಂದಿಕೊಳ್ಳಲು ಹತ್ತಾರು ನಿಲುಗಡೆ ಬೇಕು, ಇವನ್ನು ಸಮತಟ್ಟು ನೆಲದಲ್ಲಿ ನಿಧಾನ ವೇಗದಲ್ಲಿ ಮಾಡಬೇಕು. ಆಮೇಲೆ ತೋಳಿನ ಪಟ್ಟಿಯ ಬೋಲ್ಟನ್ನು ಮತ್ತೆ ಬಿಗಿಯಬೇಕು. ಮೊದಲ ಕೆಲವು ಸಲ ಅದು ಸಡಿಲವಾಗಿಯೇ ಇರುತ್ತದೆ.